ಮಧುಕೇಶ್ವರನ ಗುಡಿಯ ಕಲ್ಲುಗಳನ್ನು ಓದುವ ಕ್ರಮ

ಬನವಾಸಿಗೆ ಬರುವವರಲ್ಲಿ ಹೆಚ್ಚಿನವರು ಮಧುಕೇಶ್ವರನಿಗೆ ಕೈಮುಗಿದು, ನಂದಿಯ ಕಣ್ಣು ನೋಡಿ, ನುಣುಪಾದ ಕಂಬದಲ್ಲಿ ತಮ್ಮ ಮುಖ ಕಂಡು, ಅರ್ಧ ಗಂಟೆಯೊಳಗೆ ಹೊರಗೆ ಬಂದುಬಿಡುತ್ತಾರೆ. ದೇವರ ದರ್ಶನಕ್ಕೆ ಅಷ್ಟು ಹೊತ್ತು ಸಾಕಾಗಬಹುದು. ಕಟ್ಟಡವನ್ನು ತಿಳಿಯುವುದಕ್ಕೆ ಸಾಲದು. ಶಿರಸಿಯಿಂದ ಆಗ್ನೇಯಕ್ಕೆ 20 ಕಿಲೋಮೀಟರಿಗಿಂತ ತುಸು ಹೆಚ್ಚು ದೂರದಲ್ಲಿ, ವರದಾ ನದಿಯ ದಂಡೆಯ ಈ ಊರಿನಲ್ಲಿ ನಿಂತಿರುವ ದೇವಾಲಯವು ಒಬ್ಬ ಅರಸನ ಕಾಲದಲ್ಲಿ ಆರಂಭವಾಗಿ ಅವನ ಕಾಲದಲ್ಲೇ ಮುಗಿದ ಕೆಲಸವಲ್ಲ. ಕದಂಬರ ರಾಜಧಾನಿಯ ಕಾಲದಿಂದ ಹಿಡಿದು, ಕಲ್ಯಾಣದ ಚಾಲುಕ್ಯರ ಮತ್ತು ಅವರ ಕೆಳಗೆ ಬನವಾಸಿ ಪನ್ನಿರ್ಚ್ಛಾಸಿರ (ಹನ್ನೆರಡು ಸಾವಿರ) ಎಂಬ ನಾಡನ್ನು ಆಳಿದ ಹಾನಗಲ್ಲಿನ ಕದಂಬರ ಕಾಲವನ್ನು ಹಾದು, ಶಿರಸಿಯ ಹತ್ತಿರದ ಸೋದೆಯ ಅರಸರವರೆಗೆ ಇಲ್ಲಿ ಕಲ್ಲಿನ ಕೆಲಸ ನಡೆಯುತ್ತಲೇ ಇತ್ತು. ಆದ್ದರಿಂದ ಇಲ್ಲಿ ನೋಡುಗನು ಮಾಡಬೇಕಾದ ಮುಖ್ಯ ಕೆಲಸವೆಂದರೆ ಒಂದು ಕಾಲದವರ ಕೈ ಎಲ್ಲಿ ನಿಂತಿದೆ, ಇನ್ನೊಂದು ಕಾಲದವರ ಕೈ ಎಲ್ಲಿಂದ ಮುಂದುವರಿದಿದೆ ಎಂಬುದನ್ನು ತನ್ನ ಕಣ್ಣಿನಿಂದಲೇ ಗುರುತಿಸುವುದು. ಅದಕ್ಕೆ ವಿಶೇಷ ಪಾಂಡಿತ್ಯ ಬೇಕಿಲ್ಲ. ಒಂದು ಕ್ರಮ ಬೇಕು.

ಜೊತೆಯಲ್ಲಿ ಒಂದು ಟಾರ್ಚು, ಅಳತೆ ಟೇಪು, ಚೌಕಳಿ ಹಾಳೆಯ ನೋಟುಪುಸ್ತಕ, ಎರಡು ಮೂರು ಬಣ್ಣದ ಪೆನ್ಸಿಲ್ ಇರಲಿ. ದಿಕ್ಕು ನೋಡಲು ಮೊಬೈಲಿನ ದಿಕ್ಸೂಚಿ ಸಾಕು. ಮಳೆಗಾಲದಲ್ಲಿ ಹೊರಗೋಡೆಗಳು ಪಾಚಿ ಹಿಡಿದು ಕೆತ್ತನೆಯ ಅಂಚುಗಳು ಮುಚ್ಚಿಹೋಗುವುದರಿಂದ ನವೆಂಬರಿನಿಂದ ಫೆಬ್ರವರಿಯವರೆಗಿನ ದಿನಗಳು ಒಳ್ಳೆಯವು. ಗುಡಿಯು ಪೂರ್ವಾಭಿಮುಖವಾಗಿರುವುದರಿಂದ ಬೆಳಗಿನ ಮೊದಲ ಬಿಸಿಲು ಮಂಟಪದೊಳಕ್ಕೆ ಓರೆಯಾಗಿ ಬೀಳುತ್ತದೆ. ಕಂಬಗಳನ್ನು ನೋಡಲು ಅದೇ ಸರಿಯಾದ ಹೊತ್ತು. ಚಳಿಗಾಲದಲ್ಲಿ ಸೂರ್ಯನು ದಕ್ಷಿಣಕ್ಕೆ ವಾಲಿರುವುದರಿಂದ ದಕ್ಷಿಣದ ಗೋಡೆಗೆ ದಿನವಿಡೀ ಬೆಳಕಿರುತ್ತದೆ, ಉತ್ತರದ ಗೋಡೆ ನೆರಳಿನಲ್ಲಿಯೇ ಉಳಿಯುತ್ತದೆ. ಆ ಕಡೆ ಟಾರ್ಚನ್ನು ಗೋಡೆಗೆ ಎದುರಾಗಿ ಹಿಡಿಯದೆ ಪಕ್ಕದಿಂದ, ಗೋಡೆಗೆ ಒತ್ತಿದಂತೆ ಹಿಡಿದರೆ ಸವೆದ ಗೆರೆಗಳೂ ಎದ್ದು ಕಾಣುತ್ತವೆ. ಇದು ಪೂಜೆ ನಡೆಯುವ ದೇವಾಲಯವೂ ಹೌದು, ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕವೂ ಹೌದು. ಹಾಗಾಗಿ ಪೂಜೆಯ ಸಮಯ ಬಿಟ್ಟು ಬರುವುದು, ಅರ್ಚಕರನ್ನು ಕೇಳಿಯೇ ಒಳಗೆ ಟಾರ್ಚು ಹಚ್ಚುವುದು, ಫೋಟೊ ತೆಗೆಯುವುದು, ಗರ್ಭಗುಡಿಯ ಹೊಸ್ತಿಲನ್ನು ದಾಟದಿರುವುದು ನೋಡುಗನ ಕರ್ತವ್ಯ.

ಮೊದಲು ಒಳಗೆ ಹೋಗಬೇಡಿ. ಅಂಗಳದಲ್ಲಿ ಒಂದು ಪೂರ್ತಿ ಪ್ರದಕ್ಷಿಣೆ ಹಾಕಿ, ಕಟ್ಟಡವು ಎಷ್ಟು ಭಾಗಗಳಾಗಿ ಹಿಂದೆ ಹಿಂದೆ ಸರಿಯುತ್ತದೆ ಎಂಬುದನ್ನು ಮಾತ್ರ ನೋಡಿ. ಮುಂದೆ ತೆರೆದ ದೊಡ್ಡ ಮಂಟಪ, ಅದರ ಹಿಂದೆ ಮುಚ್ಚಿದ ಮಂಟಪ, ಅದರ ಹಿಂದೆ ಶಿಖರ ಹೊತ್ತ ಗರ್ಭಗುಡಿ ಇವೆ. ಹಿಂದಕ್ಕೆ ಹೋದಂತೆ ಬೆಳಕು ಕಡಿಮೆಯಾಗುತ್ತದೆ. ಇದೇ ಪ್ರದಕ್ಷಿಣೆಯಲ್ಲಿ ಅಂಗಳದ ಸುತ್ತ ಎಂಟು ದಿಕ್ಕುಗಳಲ್ಲಿ ತಮ್ಮ ತಮ್ಮ ವಾಹನಗಳೊಡನೆ ಇರುವ ಅಷ್ಟದಿಕ್ಪಾಲಕರನ್ನೂ ಗುರುತಿಸಿಕೊಳ್ಳಬೇಕು. ಪೂರ್ವಕ್ಕೆ ಇಂದ್ರ, ಆಗ್ನೇಯಕ್ಕೆ ಅಗ್ನಿ, ದಕ್ಷಿಣಕ್ಕೆ ಯಮ, ನೈರುತ್ಯಕ್ಕೆ ನಿರುತಿ, ಪಶ್ಚಿಮಕ್ಕೆ ವರುಣ, ವಾಯವ್ಯಕ್ಕೆ ವಾಯು, ಉತ್ತರಕ್ಕೆ ಕುಬೇರ, ಈಶಾನ್ಯಕ್ಕೆ ಈಶಾನ ಎಂಬ ಕ್ರಮವನ್ನು ಬಾಯಿಪಾಠ ಮಾಡಿಕೊಂಡವರಿಗೆ ಮುಂದೆ ಯಾವ ಹಳೆಯ ಗುಡಿಯ ಛಾವಣಿಯ ಕೆಳಗೆ ನಿಂತರೂ ದಿಕ್ಕು ತಪ್ಪುವುದಿಲ್ಲ, ಏಕೆಂದರೆ ಚಾಲುಕ್ಯ, ಹೊಯ್ಸಳ ಮಂಟಪಗಳ ಭುವನೇಶ್ವರಿಯಲ್ಲಿ, ಅಂದರೆ ಕೆತ್ತನೆಯ ನಡುಛಾವಣಿಯಲ್ಲಿ, ಇದೇ ಎಂಟು ಮಂದಿಯನ್ನು ಇದೇ ಸರದಿಯಲ್ಲಿ ಕೆತ್ತುವ ರೂಢಿಯಿತ್ತು.

ಎರಡನೆಯ ಸುತ್ತಿನಲ್ಲಿ ಕಣ್ಣು ನೆಲದ ಮಟ್ಟದಲ್ಲಿರಲಿ. ಗೋಡೆ ನೆಲದಿಂದ ನೇರವಾಗಿ ಏಳುವುದಿಲ್ಲ. ಅದರ ಕೆಳಗೆ ಅಧಿಷ್ಠಾನವಿರುತ್ತದೆ. ಕೆಳಗಿನ ಚಪ್ಪಟೆ ಕಲ್ಲಿನ ಸಾಲು ಉಪಾನ, ಅದರ ಮೇಲಿನ ಎತ್ತರದ ನೇರ ಪಟ್ಟಿ ಜಗತಿ, ಅದರ ಮೇಲೆ ಮುಂಚಾಚಿದ ದಿಂಡು ಕುಮುದ, ಮತ್ತೆ ಒಳಸರಿದ ಕಂಠ, ಕೊನೆಗೆ ಹೊರಕ್ಕೆ ಬಾಗಿದ ಕಪೋತ. ಪ್ರತಿಯೊಂದು ಗುಡಿಯಲ್ಲಿಯೂ ಇವೆಲ್ಲ ಇದೇ ಪ್ರಮಾಣದಲ್ಲಿ ಇರುವುದಿಲ್ಲ, ಕೆಲವು ಬಿಟ್ಟುಹೋಗುತ್ತವೆ, ಕೆಲವು ಎರಡು ಸಲ ಬರುತ್ತವೆ. ನೀವು ನೋಡಬೇಕಾದದ್ದು ಒಂದೇ: ಗರ್ಭಗುಡಿಯ ಕೆಳಗಿನ ಪಟ್ಟಿಗಳ ಸಾಲು ಮುಂದಿನ ಮಂಟಪದವರೆಗೂ ಅದೇ ಎತ್ತರದಲ್ಲಿ ಮುಂದುವರಿಯುತ್ತದೆಯೇ, ಅಥವಾ ಯಾವುದೋ ಒಂದು ಮೂಲೆಯಲ್ಲಿ ತುಂಡಾಗಿ ಬೇರೆ ಅಳತೆಯ ಸಾಲು ಶುರುವಾಗುತ್ತದೆಯೇ? ಒಂದೇ ಸಲಕ್ಕೆ ಕಟ್ಟಿದ ಭಾಗಗಳಲ್ಲಿ ಈ ಸಾಲು ಸಾಮಾನ್ಯವಾಗಿ ಮುರಿಯುವುದಿಲ್ಲ. ಮುರಿದ ಜಾಗದಲ್ಲಿ ಹಾಳೆಯ ಮೇಲೆ ಒಂದು ಗೆರೆ ಎಳೆದಿಟ್ಟುಕೊಳ್ಳಿ. ಒಳಗೆ ಹೋದಾಗ ಆ ಗೆರೆ ಕೆಲಸಕ್ಕೆ ಬರುತ್ತದೆ. ಹಾಗೆಯೇ ಗರ್ಭಗುಡಿಯ ಉತ್ತರದ ಗೋಡೆಯ ಬುಡದಲ್ಲಿ ಅಭಿಷೇಕದ ನೀರು ಹೊರಬರುವ ಪ್ರನಾಳವನ್ನು ಹುಡುಕಬೇಕು. ಪೂರ್ವಕ್ಕೆ ಮುಖ ಮಾಡಿದ ಶಿವಾಲಯಗಳಲ್ಲಿ ಅದು ಉತ್ತರಕ್ಕೇ ಇರುತ್ತದೆ, ಮತ್ತು ಅದರ ಎತ್ತರದಿಂದ ಒಳಗಿನ ನೆಲದ ಮಟ್ಟವನ್ನು ಹೊರಗಿನಿಂದಲೇ ಅಂದಾಜು ಮಾಡಬಹುದು.

ಈಗ ಮಂಟಪಕ್ಕೆ ಬನ್ನಿ.

ಈ ಗುಡಿಯ ಅತ್ಯಂತ ದೊಡ್ಡ ಪಾಠ ಅದರ ಕಂಬಗಳಲ್ಲಿದೆ, ಆದ್ದರಿಂದ ಹೆಚ್ಚು ಹೊತ್ತನ್ನು ಇಲ್ಲಿಯೇ ಕಳೆಯಬೇಕು. ಹಾಳೆಯ ಮೇಲೆ ನಕ್ಷೆ ಬರೆಯುವಾಗ ಕಂಬಗಳನ್ನು ಸುಮ್ಮನೆ ಚುಕ್ಕೆಯಾಗಿ ಗುರುತಿಸಬೇಡಿ. ಚೌಕ ಕಂಬಕ್ಕೆ ಚೌಕವನ್ನೂ ದುಂಡು ಕಂಬಕ್ಕೆ ವೃತ್ತವನ್ನೂ ಹಾಕಿ. ಇಷ್ಟು ಮಾಡಿ ಮುಗಿಸುವಷ್ಟರಲ್ಲಿ ಕಟ್ಟಡದ ಇತಿಹಾಸ ಹಾಳೆಯ ಮೇಲೆ ತಾನಾಗಿಯೇ ಮೂಡಿರುತ್ತದೆ. ಒಳಗಿನ ಸಂಕಲ್ಪ ಮಂಟಪದಲ್ಲಿ ಚೌಕಗಳು, ಹೊರಗಿನ ನೃತ್ಯ ಮಂಟಪದಲ್ಲಿ ವೃತ್ತಗಳು ಗುಂಪಾಗಿ ಕೂತಿರುತ್ತವೆ. ಒಳಗಿನ ಕಂಬಗಳು ದಪ್ಪ, ನೇರ, ಹೆಚ್ಚಿನ ಅಲಂಕಾರವಿಲ್ಲದವು. ಅವುಗಳಲ್ಲಿ ಕಾಣುವುದು ಭಾರ ಹೊರುವ ಕೆಲಸ ಮಾತ್ರ. ಹೊರಗಿನವು ತಿರುಗಣೆಯಲ್ಲಿ ಕಡೆದವು. ಈ ಎರಡು ಬಗೆಯ ಕಂಬಗಳ ನಡುವೆ ಕೆಲವು ಶತಮಾನಗಳ ಅಂತರವಿದೆ, ಮತ್ತು ಹೊರಗಡೆ ಅಧಿಷ್ಠಾನ ಮುರಿದ ಜಾಗದಲ್ಲಿ ನೀವು ಎಳೆದ ಗೆರೆಯನ್ನು ಈ ಗಡಿಯೊಡನೆ ಹೋಲಿಸಿ ನೋಡಬೇಕು. ನೆಲದ ಮಟ್ಟ ಎಲ್ಲಿ ಏರುತ್ತದೆ, ತೊಲೆಯ ಎತ್ತರ ಎಲ್ಲಿ ಬದಲಾಗುತ್ತದೆ, ಎರಡು ಮಂಟಪಗಳ ಛಾವಣಿಯ ಚಪ್ಪಡಿಗಳು ಹೇಗೆ ಒಂದನ್ನೊಂದು ಸಂಧಿಸುತ್ತವೆ ಎಂಬ ಮೂರನ್ನೂ ಪರೀಕ್ಷಿಸಿದ ಮೇಲೆಯೇ ಒಂದು ತೀರ್ಮಾನಕ್ಕೆ ಬರುವುದು ಒಳ್ಳೆಯದು. ಏಕೆಂದರೆ ಸರಳವಾದದ್ದೆಲ್ಲ ಹಳೆಯದು ಎಂಬ ನಂಬಿಕೆ ತಪ್ಪು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಎಷ್ಟೋ ಗುಡಿಗಳಲ್ಲಿ 16, 17ನೆಯ ಶತಮಾನದ ಸುತ್ತುಪೌಳಿಯ ಕಂಬಗಳೂ ಹೀಗೆಯೇ ಬೋಳಾಗಿವೆ. ಅಲ್ಲಿ ಹಣವೋ ಸಮಯವೋ ಕಡಿಮೆಯಿತ್ತೆಂದು ಮಾತ್ರ ಅದರ ಅರ್ಥವಾಗಬಹುದು.

ತಿರುಗಣೆಯ ಕಂಬ ಒಂದನ್ನು ಆರಿಸಿಕೊಂಡು ಅದರ ಎದುರು ಕುಳಿತುಬಿಡಿ. ಬುಡದಲ್ಲಿ ಚೌಕ ಪೀಠವಿದೆ. ಅದರ ಮೇಲೆ ಕಂಬ ದುಂಡಗಾಗುತ್ತದೆ, ಮುಂದೆ ಗಂಟೆಯ ಆಕಾರಕ್ಕೆ ಹಿಗ್ಗಿ ಕುಗ್ಗುತ್ತದೆ, ಅದರ ಮೇಲೆ ಕುಂಭ, ಕುಂಭದ ಮೇಲೆ ಅಗಲವಾದ ಫಲಕ, ಫಲಕದ ಮೇಲೆ ನಾಲ್ಕು ಕಡೆ ಚಾಚಿದ ಬೋದಿಗೆ, ಬೋದಿಗೆಯ ಮೇಲೆ ತೊಲೆ. ದುಂಡಾದ ಭಾಗದಲ್ಲಿ ಕೂದಲೆಳೆಯಷ್ಟು ಸಣ್ಣ ಏಣುಗಳು ಸುತ್ತಲೂ ಒಂದೇ ಸಮನಾಗಿ ಹೋಗಿರುತ್ತವೆ. ಬರಿಯ ಉಳಿ ಸುತ್ತಿಗೆಯಿಂದ ಅಷ್ಟು ಸಮನಾದ ವೃತ್ತ ತೆಗೆಯುವುದು ಬಹಳ ಕಷ್ಟ. ಕಲ್ಲನ್ನು ತಿರುಗಿಸುತ್ತ ಉಳಿಯನ್ನು ಒಂದೇ ಕಡೆ ಒತ್ತಿ ಹಿಡಿದಾಗ ಮಾತ್ರ ಹಾಗೆ ಬರುತ್ತದೆ. ಇದಕ್ಕೆ ಎಲ್ಲ ಕಲ್ಲೂ ಒಗ್ಗುವುದಿಲ್ಲ. ಕರಾವಳಿಯ ಚಿರೆಕಲ್ಲು ತೂತುತೂತಾಗಿರುವುದರಿಂದ ಉದುರಿಹೋಗುತ್ತದೆ, ಕಣಶಿಲೆಯು ಉಳಿಗೆ ಜಗ್ಗುವುದಿಲ್ಲ. 11, 12ನೆಯ ಶತಮಾನದ ಕುಶಲಿಗಳು ಬಳಪದ ಜಾತಿಯ ನಯವಾದ ಕಲ್ಲನ್ನು ಆರಿಸಿಕೊಂಡರು. ಗಣಿಯಿಂದ ತೆಗೆದ ಹೊಸತರಲ್ಲಿ ಅದು ಮೆದುವಾಗಿರುತ್ತದೆ, ಗಾಳಿಗೆ ತೆರೆದಂತೆ ಗಟ್ಟಿಯಾಗುತ್ತದೆ, ಉಜ್ಜಿದರೆ ಕನ್ನಡಿಯಂತೆ ಹೊಳೆಯುತ್ತದೆ. ಕರ್ನಾಟಕದ ಶಿಲ್ಪದಲ್ಲಿ ಆ ಕಾಲದಲ್ಲಿ ಬಂದ ಸೂಕ್ಷ್ಮತೆಗೆ ಕಲಾವಿದರ ಪ್ರತಿಭೆಯಷ್ಟೇ ಈ ಕಲ್ಲಿನ ಆಯ್ಕೆಯೂ ಕಾರಣ ಎಂಬುದನ್ನು ನಾನು ಖಂಡಿತವಾಗಿ ನಂಬುತ್ತೇನೆ.

ಕಂಬದಲ್ಲಿ ಮುಖ ಕಾಣುವ ವಿಷಯವನ್ನೂ ಇಲ್ಲಿಯೇ ಪರೀಕ್ಷಿಸಬಹುದು. ಹೊರಕ್ಕೆ ಉಬ್ಬಿದ ಭಾಗದ ಎದುರು ನಿಂತರೆ ಬಿಂಬವು ಸಣ್ಣದಾಗಿ, ನೇರವಾಗಿ ಕಾಣುತ್ತದೆ. ಅದೇ ಕಂಬದಲ್ಲಿ ಒಳಕ್ಕೆ ಬಾಗಿದ ಪಟ್ಟಿಯ ಎದುರು ತುಸು ದೂರ ನಿಂತರೆ ಬಿಂಬವು ತಲೆಕೆಳಗಾಗುತ್ತದೆ. ಮಕ್ಕಳಿಗೆ ಶಾಲೆಯಲ್ಲಿ ಕಲಿಸುವ ಪೀನ, ನಿಮ್ನ ದರ್ಪಣಗಳ ಪಾಠ ಇಲ್ಲಿ ಕಲ್ಲಿನಲ್ಲಿಯೇ ಇದೆ. ಆದರೆ ಅದಕ್ಕಾಗಿ ಕಂಬವನ್ನು ಕೈಯಿಂದ ಉಜ್ಜುವುದು ಬೇಡ, ಬೆವರು ಎಣ್ಣೆಗಳ ಜಿಡ್ಡು ಹತ್ತಿದರೆ ಹೊಳಪು ಮಂಕಾಗುತ್ತ ಹೋಗುತ್ತದೆ. ಟಾರ್ಚಿನ ಬೆಳಕನ್ನು ಎದುರಿನವರ ಮುಖದ ಮೇಲೆ ಬಿಟ್ಟು ದೂರದಿಂದಲೇ ನೋಡಿದರೆ ಸಾಕು.

ಮಂಟಪದ ಅಂಚಿನಲ್ಲಿ ಒರಗಿ ಕೂರುವಂತೆ ಮಾಡಿರುವ ಕಲ್ಲಿನ ಆಸನ ಕಕ್ಷಾಸನ. ಅದರ ಹೊರಮೈ ಓರೆಯಾಗಿದ್ದು, ಮೇಲಿನ ಇಳಿಜಾರು ಚಾಚಿನಿಂದ ಸುರಿದ ಮಳೆನೀರನ್ನು ಆಚೆಗೆ ತಳ್ಳುತ್ತದೆ. ಒಳಗೆ ಕೂತವರಿಗೆ ಎರಚಲು ಬಡಿಯದಂತೆ ಕಾಯುತ್ತದೆ. ನಾಟ್ಯ ನೋಡುವವರಿಗೂ ಇದೇ ಜಾಗ. ನಂದಿಯ ವಿಷಯದಲ್ಲಿ ಊರವರು ಹೇಳುವ ಮಾತನ್ನು ಪರೀಕ್ಷಿಸಲು ಇಲ್ಲಿಂದಲೇ ಶುರು ಮಾಡಬಹುದು: ನಂದಿಯ ಒಂದು ಕಣ್ಣು ಶಿವನತ್ತ, ಇನ್ನೊಂದು ಕಣ್ಣು ಪಾರ್ವತಿಯತ್ತ ಇದೆ ಎನ್ನುತ್ತಾರೆ. ತಲೆಯು ನೇರವಾಗಿರದೆ ಒಂದಿಷ್ಟು ಹೊರಳಿರುವುದನ್ನು ಗಮನಿಸಿ. ಆಮೇಲೆ ಗರ್ಭಗುಡಿಯ ಬಾಗಿಲ ನೇರಕ್ಕೆ ಹೋಗಿ ಹಿಂತಿರುಗಿ ನಂದಿಯನ್ನು ನೋಡಿದರೆ, ನಡುವೆ ಇಷ್ಟು ಕಂಬಗಳಿದ್ದರೂ ದೃಷ್ಟಿಗೆ ಅಡ್ಡ ಬಾರದಂತೆ ಅವುಗಳನ್ನು ನಿಲ್ಲಿಸಿರುವುದು ತಿಳಿಯುತ್ತದೆ. ಯಾವ ಮಂಟಪವನ್ನು ಸೇರಿಸಿದರೂ ಈ ನೇರವನ್ನು ಮುರಿಯಬಾರದೆಂಬ ಕಟ್ಟುಪಾಡು ಹೊಸತನ್ನು ಕಟ್ಟುವವರ ಮೇಲಿತ್ತು.

ಬಾಗಿಲುಗಳನ್ನು ನೋಡುವಾಗ ಮೊದಲು ಚೌಕಟ್ಟಿನ ಶಾಖೆಗಳನ್ನು, ಅಂದರೆ ಬಾಗಿಲಿನ ಎರಡೂ ಬದಿಯಲ್ಲಿ ಮೇಲಿನಿಂದ ಕೆಳಗಿನವರೆಗೆ ಇಳಿಯುವ ಪಟ್ಟಿಗಳನ್ನು ಎಣಿಸಬೇಕು. ಬಳ್ಳಿಯ ಪಟ್ಟಿ, ಅರೆಗಂಬದ ಪಟ್ಟಿ, ವಜ್ರದ ಆಕಾರಗಳ ಪಟ್ಟಿ ಹೀಗೆ ಅವು ಮೂರೋ ಐದೋ ಇರುತ್ತವೆ. ನಡುನೆತ್ತಿಯ ಲಲಾಟಬಿಂಬದಲ್ಲಿ ಗಜಲಕ್ಷ್ಮಿ ಇದ್ದಾಳೆಂದ ಮಾತ್ರಕ್ಕೆ ಅದು ವೈಷ್ಣವ ಗುಡಿಯಾಗಿತ್ತೆಂದು ತೀರ್ಮಾನಿಸಬಾರದು. ಶಿವಾಲಯಗಳಲ್ಲಿಯೂ ಬಸದಿಗಳಲ್ಲಿಯೂ ಗಜಲಕ್ಷ್ಮಿಯನ್ನು ಬಾಗಿಲ ಮೇಲೆ ಕೆತ್ತುತ್ತಿದ್ದರು. ಬಾಗಿಲಿನ ಆಚೀಚೆ ಜಾಲಂಧ್ರಗಳು, ಅಂದರೆ ಕಲ್ಲಿನ ಜಾಲರಿ ಕಿಟಕಿಗಳು, ಇದ್ದರೆ ಅವುಗಳಿಂದ ಬರುವ ಬೆಳಕು ಎಲ್ಲಿಯವರೆಗೆ ತಲುಪುತ್ತದೆ ಎಂದು ನೋಡಿ. ಗರ್ಭಗುಡಿಯ ಕತ್ತಲೆ ಅಲ್ಲಿಂದ ಶುರುವಾಗುತ್ತದೆ.

ಇನ್ನು ತಲೆಯೆತ್ತಿ ನೋಡುವ ಕೆಲಸ. ನಾಲ್ಕು ಕಂಬಗಳ ನಡುವಿನ ಜಾಗಕ್ಕೆ ಅಂಕಣವೆಂದು ಹೆಸರು. ನಮ್ಮ ಹಳೆಯ ಮನೆಗಳ ಲೆಕ್ಕವನ್ನೂ ಅಂಕಣದಲ್ಲಿಯೇ ಹೇಳುತ್ತಿದ್ದುದರಿಂದ ಶಿರಸಿ ಸೀಮೆಯ ಓದುಗರಿಗೆ ಇದು ಹೊಸದಲ್ಲ. ಅಂಕಣದ ಮೇಲೆ ತೊಲೆಗಳ ಚೌಕವಿರುತ್ತದೆ. ಆ ಚೌಕವನ್ನು ಮುಚ್ಚುವಷ್ಟು ದೊಡ್ಡ ಒಂದೇ ಚಪ್ಪಡಿ ಸಿಗುವುದು ಕಷ್ಟ, ಸಿಕ್ಕರೂ ತನ್ನ ಭಾರಕ್ಕೇ ಬಿರುಕು ಬಿಡುವ ಅಪಾಯವಿದೆ. ಇದಕ್ಕೆ ಕಂಡುಕೊಂಡ ಉಪಾಯ ಬಹಳ ಸೊಗಸಾದದ್ದು. ಚೌಕದ ನಾಲ್ಕು ಮೂಲೆಗಳಲ್ಲಿ ನಾಲ್ಕು ತ್ರಿಕೋನದ ಕಲ್ಲುಗಳನ್ನು ಇಟ್ಟರೆ ನಡುವೆ ಓರೆಯಾಗಿ ತಿರುಗಿದ, ಕ್ಷೇತ್ರಫಲದಲ್ಲಿ ಅರ್ಧದಷ್ಟಾದ ಹೊಸ ಚೌಕ ಉಳಿಯುತ್ತದೆ. ಅದರ ಮೂಲೆಗಳಿಗೆ ಮತ್ತೆ ನಾಲ್ಕು ತ್ರಿಕೋನಗಳನ್ನು ಇಟ್ಟರೆ ಮೊದಲಿನ ದಿಕ್ಕಿಗೇ ನಿಂತ, ಕಾಲುಭಾಗದ ಚೌಕ ಉಳಿಯುತ್ತದೆ. ಆ ಕೊನೆಯ ಚೌಕಕ್ಕೆ ತಾವರೆ ಕೆತ್ತಿದ ಒಂದು ಸಣ್ಣ ಕಲ್ಲು ಮುಚ್ಚಿದರೆ ಕೆಲಸ ಮುಗಿಯಿತು. ಕಮಾನಿಲ್ಲ, ಗಾರೆಯ ಹಂಗಿಲ್ಲ. ಕಲ್ಲಿನ ಮೇಲೆ ಕಲ್ಲು ತನ್ನ ಭಾರದಿಂದಲೇ ಕೂತಿದೆ. ನೆಲದ ಮೇಲೆ ಬೆನ್ನು ಹಚ್ಚಿ ಮಲಗಿ ಈ ಚೌಕಗಳನ್ನು ನೋಟುಪುಸ್ತಕದಲ್ಲಿ ಬಿಡಿಸಿದರೆ, ಆ ಹೊತ್ತಿಗೆ ಸ್ಥಪತಿಯ ಲೆಕ್ಕವನ್ನು ನೀವೇ ಮಾಡಿದಂತಾಗುತ್ತದೆ. ಬನವಾಸಿಯಲ್ಲಾಗಲಿ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯ ಕೇದಾರೇಶ್ವರದಲ್ಲಾಗಲಿ ಯಾವ ಅಂಕಣಕ್ಕೆ ಈ ಬಗೆಯ ಮುಚ್ಚಿಗೆಯಿದೆ, ಯಾವುದಕ್ಕೆ ಬರಿಯ ಚಪ್ಪಡಿಯಿದೆ ಎಂಬುದನ್ನು ನಕ್ಷೆಯಲ್ಲಿ ತಪ್ಪದೆ ಗುರುತಿಸಬೇಕು. ಅಲಂಕಾರ ಯಾವ ಅಂಕಣಕ್ಕೆ ಹೆಚ್ಚಾಗಿದೆಯೋ ಸಾಮಾನ್ಯವಾಗಿ ಅಲ್ಲಿಯೇ ಆ ಮಂಟಪದ ಮುಖ್ಯ ಕ್ರಿಯೆ ನಡೆಯುತ್ತಿತ್ತು.

ಶಿಖರವನ್ನು ಅಂಗಳದ ಮೂಲೆಯಿಂದ, ಅಂದರೆ ಎರಡು ಮುಖಗಳು ಒಟ್ಟಿಗೆ ಕಾಣುವ ಜಾಗದಿಂದ ನೋಡುವುದು ಉತ್ತಮ. ಕದಂಬ ಶಿಖರವೆಂದು ಹೆಸರಾದ ಬಗೆಯಲ್ಲಿ ಅಡ್ಡಪಟ್ಟಿಗಳು ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಕಿರಿದಾಗುತ್ತ ಹೋಗಿ ತುದಿಯಲ್ಲಿ ಕಲಶವನ್ನು ಹೊರುತ್ತವೆ. ಪಟ್ಟಿಗಳ ಮೇಲೆ ದೇವತೆಗಳ ಗೂಡುಗಳಾಗಲಿ ಬಳ್ಳಿಯ ಕೆತ್ತನೆಯಾಗಲಿ ಇರುವುದಿಲ್ಲ. ಇದನ್ನು ಚೆನ್ನಾಗಿ ಕಣ್ಣಿಗೆ ತುಂಬಿಕೊಂಡವರಿಗೆ ಬೆಳಗಾವಿ ಜಿಲ್ಲೆಯ ಹಲಸಿಯಲ್ಲಿಯೂ, ಹಾಸನ ಜಿಲ್ಲೆಯ ದೊಡ್ಡಗದ್ದವಳ್ಳಿಯಲ್ಲಿ 12ನೆಯ ಶತಮಾನದ ಹೊಯ್ಸಳ ಗುಡಿಯ ಮೇಲೂ ಇದೇ ರೂಪ ಕಂಡಾಗ ಆಶ್ಚರ್ಯವೂ ಸಂತೋಷವೂ ಆಗುತ್ತದೆ. ಬನವಾಸಿಯ ರಾಜ್ಯ ಹೋದ ಮೇಲೂ ಅದರ ಶಿಖರ ಕನ್ನಡನಾಡಿನಲ್ಲಿ ಶತಮಾನಗಳ ಕಾಲ ಉಳಿಯಿತು.

ಕಟ್ಟಡ ಮುಗಿದ ಮೇಲೆ ಬಿಡಿ ಕಲ್ಲುಗಳಿಗೆ ಬನ್ನಿ. ಅಂಗಳದಲ್ಲಿರುವ ಐದು ಹೆಡೆಯ ನಾಗಶಿಲೆಯು ಗುಡಿಗಿಂತಲೂ ಬಹಳ ಹಳೆಯದು. ಅದರ ಮೇಲಿನ ಬ್ರಾಹ್ಮಿ ಲಿಪಿಯ ಪ್ರಾಕೃತ ಬರಹ ಚುಟು ಸಾತಕರ್ಣಿಯ ಕಾಲದ್ದು, ಅಂದರೆ ಕದಂಬ ರಾಜ್ಯವನ್ನು ಸ್ಥಾಪಿಸಿದ ಮಯೂರಶರ್ಮನಿಗಿಂತ ಮೊದಲಿನದು. ಗುಡಿಯ ಅಂಗಳದಲ್ಲಿ ಇದೆ ಎಂಬ ಕಾರಣಕ್ಕೆ ಕಲ್ಲಿನ ಕಾಲವನ್ನೇ ಗುಡಿಯ ಕಾಲವೆಂದು ಎಣಿಸಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಅದರ ಎದುರು ತುದಿಯಲ್ಲಿ ಸೋದೆಯ ಅರಸರ ಕಾಣಿಕೆಯಾದ 17ನೆಯ ಶತಮಾನದ ಕಲ್ಲಿನ ಮಂಚವಿದೆ. ಅದರ ಕಾಲುಗಳನ್ನೂ ಮೇಲುಚಾಚನ್ನೂ ಹತ್ತಿರದಿಂದ ನೋಡಿದರೆ ಮರಗೆಲಸದ ನಯವನ್ನೇ ಕಲ್ಲಿಗೆ ತಂದಿರುವುದು ಕಾಣುತ್ತದೆ. ಮೂರು ಲೋಕಗಳನ್ನು ಕೆತ್ತಿದ ಒಳಗಿನ ತ್ರೈಲೋಕ್ಯ ಮಂಟಪವನ್ನೂ ಇದರ ಜೊತೆಗಿಟ್ಟು ನೋಡಬೇಕು. ಒತ್ತೊತ್ತಾದ ಆ ಕೆತ್ತನೆಯು ಪಕ್ಕದ ಬೋಳು ಕಂಬಗಳ ಕಾಲದ್ದಾಗಿರಲು ಸಾಧ್ಯವಿಲ್ಲ. ಶಾಸನಗಳಲ್ಲಿ ಶಕವರ್ಷ ಸಿಕ್ಕರೆ 78 ಸೇರಿಸಿ ಕ್ರಿಸ್ತಶಕ ತಿಳಿಯಬಹುದು. ಚಾಳುಕ್ಯವಿಕ್ರಮ ವರ್ಷವೆಂದಿದ್ದರೆ, ಆರನೆಯ ವಿಕ್ರಮಾದಿತ್ಯನು ಆ ಶಕವನ್ನು 1076ರಲ್ಲಿ ಆರಂಭಿಸಿದ್ದರಿಂದ, 1075 ಸೇರಿಸಬೇಕು. ಅಕ್ಷರ ಓದಲು ಬಾರದವರೂ ಕಲ್ಲಿನ ನೆತ್ತಿಯ ಸೂರ್ಯ, ಚಂದ್ರ, ಲಿಂಗ, ಹಸು ಕರುಗಳ ಗುರುತಿನಿಂದ ಅದು ದತ್ತಿಯ ಶಾಸನವೆಂದು ಅರಿಯಬಹುದು. ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ, ಹಿಟ್ಟು ಬಳಿಯುವುದು ಮಾತ್ರ ಎಂದಿಗೂ ಕೂಡದು. ಅದು ಕಲ್ಲಿನ ಸಂದಿಗಳಲ್ಲಿ ಉಳಿದು ತೇವವನ್ನು ಹಿಡಿದಿಡುತ್ತದೆ.

ಬನವಾಸಿಯ ನಕ್ಷೆ ಕೈಯಲ್ಲಿರುವಾಗಲೇ ಘಟ್ಟ ಇಳಿದು ಭಟ್ಕಳದ ಕೇತಪೈ ನಾರಾಯಣ ದೇವಾಲಯವನ್ನು ನೋಡಿ ಬರಬೇಕೆಂದು ನಾನು ಒತ್ತಿ ಹೇಳುತ್ತೇನೆ. 16ನೆಯ ಶತಮಾನದ ಈ ಗುಡಿಯಲ್ಲಿಯೂ ಗರ್ಭಗುಡಿ, ಮಂಟಪ, ಮುಂದಿನ ಕಂಬ ಎಲ್ಲವೂ ಇವೆ. ಆದರೆ ನೋಟವೇ ಬೇರೆ. ಬನವಾಸಿಯು ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಅಂಚಿನಲ್ಲಿದೆ, ಅಲ್ಲಿ ಶಿರಸಿಗಿಂತಲೂ ಮಳೆ ಕಡಿಮೆ. ಭಟ್ಕಳದಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುತ್ತದೆ, ಅದೂ ಗಾಳಿಯೊಡನೆ ಓರೆಯಾಗಿ. ಅಂಥಲ್ಲಿ ಚಪ್ಪಟೆ ಛಾವಣಿಯೂ ತೆರೆದ ಮಂಟಪವೂ ನಿಲ್ಲಲಾರವು. ಹಾಗಾಗಿ ಅಲ್ಲಿನವರು ಮನೆಯ ಮಾಡಿನಂತೆ ಎರಡು ಹಂತದ ಇಳಿಜಾರು ಛಾವಣಿಯನ್ನು ಮಾಡಿದರು, ಹಂಚಿನ ಬದಲು ಉದ್ದನೆಯ ಕಲ್ಲು ಹಲಗೆಗಳನ್ನು ಹೊದಿಸಿದರು. ತೆರೆದ ಕಕ್ಷಾಸನದ ಬದಲು ಮರದ ಪಟ್ಟಿಗಳ ಮರೆಯನ್ನು ಹೋಲುವ ಕಲ್ಲಿನ ಮರೆಯನ್ನು ಸುತ್ತಲೂ ನಿಲ್ಲಿಸಿ ಗಾಳಿಯನ್ನು ಒಳಬಿಟ್ಟು ಎರಚಲನ್ನು ಹೊರಗಿಟ್ಟರು. ಬುಡದಲ್ಲಿರುವ ರಾಮಾಯಣದ ಕಿರುಕೆತ್ತನೆಗಳು ಸುಂದರವಾಗಿವೆ, ಆದರೆ ಮೊದಲು ನೋಡಬೇಕಾದದ್ದು ಛಾವಣಿಯ ಕಲ್ಲು ಹಲಗೆಗಳ ಕೂಡುಗೆರೆಗಳನ್ನು: ನೀರು ಆ ಸಂದಿಯಲ್ಲಿ ಇಳಿಯದಂತೆ ಏನು ಮಾಡಿದ್ದಾರೆ, ಇಳಿಜಾರಿನ ಕೊನೆ ಗೋಡೆಯಿಂದ ಎಷ್ಟು ಹೊರಗೆ ಚಾಚಿದೆ ಎಂಬುದನ್ನು. ಎರಡೂ ಗುಡಿಗಳ ಚಾಚನ್ನು ಅಂದಾಜು ಅಳತೆಯೊಡನೆ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬಿಡಿಸಿಟ್ಟುಕೊಳ್ಳಿ.

ಮನೆಗೆ ಬಂದ ಮೇಲೆ, ನೆನಪು ಮಾಸುವ ಮೊದಲು, ಬನವಾಸಿಯ ನಕ್ಷೆಗೆ ಬಣ್ಣ ತುಂಬಬೇಕು. ಚೌಕ ಕಂಬಗಳ ಭಾಗಕ್ಕೆ ಒಂದು ಬಣ್ಣ, ತಿರುಗಣೆ ಕಂಬಗಳ ಭಾಗಕ್ಕೆ ಇನ್ನೊಂದು, ಸೋದೆಯ ಕಾಲದ ಸೇರ್ಪಡೆಗಳಿಗೆ ಮೂರನೆಯದು ಇರಲಿ. ಯಾವ ಕಾಲದ್ದೆಂದು ನಿರ್ಧರಿಸಲಾಗದ ಭಾಗವನ್ನು ಬಣ್ಣ ತುಂಬದೆ ಹಾಗೆಯೇ ಬಿಡಿ, ಮುಂದಿನ ಸಲ ಮೊದಲು ನೋಡಬೇಕಾದ ಜಾಗ ಅದೇ. ಪ್ರತಿ ಬಣ್ಣದ ಪಕ್ಕದಲ್ಲಿ ಹಾಗೆ ತೀರ್ಮಾನಿಸಲು ಕಾರಣವಾದ ಗುರುತನ್ನು ಒಂದು ಸಾಲಿನಲ್ಲಿ ಬರೆಯಿರಿ. ದಾರಿಯಲ್ಲಿ ಗದ್ದೆಯ ಬದುವಿನಲ್ಲೋ ಕೆರೆಯ ಏರಿಯ ಮೇಲೋ ಮಗುಚಿ ಬಿದ್ದ ವೀರಗಲ್ಲು, ಮಾಸ್ತಿಕಲ್ಲು ಕಣ್ಣಿಗೆ ಬಿದ್ದಿದ್ದರೆ ಅದನ್ನು ಎತ್ತಿ ತರುವುದಾಗಲಿ, ತೊಳೆದು ಬಣ್ಣ ಬಳಿಯುವುದಾಗಲಿ ಮಾಡದೆ, ಇದ್ದ ಸ್ಥಿತಿಯಲ್ಲಿಯೇ ಫೋಟೊ ತೆಗೆದು, ಯಾವ ಊರು, ಯಾವ ಜಮೀನು, ಯಾವ ದಿಕ್ಕಿಗೆ ಮುಖ ಎಂಬ ವಿವರಗಳೊಡನೆ ಪುರಾತತ್ವ ಇಲಾಖೆಗೂ ಊರಿನ ಪಂಚಾಯಿತಿಗೂ ಬರೆದು ತಿಳಿಸಬೇಕು.